ಬೇಲಿಯೊಳಗಿನ ಕಸುಬು: ಬುಕ್‌ಮೇಕರನ ವೃತ್ತಿಯ ಇತಿಹಾಸವನ್ನು ಕುರಿತು

ಖಡಕಿಯ ಬಜಾರಿಗೂ ಪುಣೆ ದಂಡಿನ ರೇಸಿನ ಮೈದಾನಕ್ಕೂ ಇರುವ ಅಂತರ ಹತ್ತು ಕಿಲೋಮೀಟರಿನೊಳಗಿನದು. ಇಷ್ಟು ಅಲ್ಪವಾದ ದಾರಿಯಲ್ಲಿ ಒಂದೇ ಕಾರ್ಯವು ಎರಡು ಹೆಸರುಗಳನ್ನು ಪಡೆಯುತ್ತದೆ. ಖಡಕಿಯ ಗಲ್ಲಿಯೊಂದರಲ್ಲಿ ನಿಂತು, ಆ ದಿನ ಓಡಲಿರುವ ಕುದುರೆಯ ಮೇಲೆ ಹತ್ತು ಜನರಿಂದ ಪಣ ಕಟ್ಟಿಸಿಕೊಂಡವನು ಕಾನೂನಿನ ಕಣ್ಣಿಗೆ ಅಪರಾಧಿ. ಅದೇ ಮನುಷ್ಯನು ಪರವಾನಗಿಯನ್ನು ಪಡೆದು, ಮೈದಾನದ ಗೊತ್ತಾದ ಆವರಣದೊಳಗೆ ಹಲಗೆಯನ್ನು ತೂಗುಹಾಕಿ, ಅದೇ ಕುದುರೆಯ ಮೇಲೆ ಅದೇ ಹತ್ತು ಜನರಿಂದ ಪಣ ಹಿಡಿದರೆ ಅವನು ಬುಕ್‌ಮೇಕರ್; ಸರಕಾರಕ್ಕೆ ತೆರಿಗೆ ತೆರುವ ವ್ಯವಹಾರಸ್ಥ. ಕೃತ್ಯದಲ್ಲಿ ಭೇದವಿಲ್ಲ, ಭೇದವಿರುವುದು ಬೇಲಿಯಲ್ಲಿ. ಈ ಬೇಲಿಯನ್ನು ಯಾರು, ಎಂದು, ಏತಕ್ಕಾಗಿ ಹಾಕಿದರು, ಅದರೊಳಗೆ ಬಾಳುವವನಿಗೆ ರಾಜ್ಯವು ಏನನ್ನು ಕೊಟ್ಟಿತು, ಏನನ್ನು ಕೊಡಲಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬುಕ್‌ಮೇಕರ್ ಎಂದರೆ ಗ್ರಂಥವನ್ನು ರಚಿಸುವವನಲ್ಲ. ಇಲ್ಲಿ ‘ಬುಕ್’ ಎಂಬುದು ಲೆಕ್ಕದ ಖಾತೆ. ಯಾರು ಯಾವ ಕುದುರೆಯ ಮೇಲೆ ಎಷ್ಟು ಹಣವನ್ನು ಯಾವ ದರದಲ್ಲಿ ಕಟ್ಟಿದರೆಂಬುದನ್ನು ಬರೆದಿಡುವ ಪುಸ್ತಕದಿಂದಲೇ ಅವನಿಗೆ ಈ ಹೆಸರು ಬಂದಿದೆ. ಜನರ ಬಾಯಲ್ಲಿ ಅದು ‘ಬುಕ್ಕಿ’ ಎಂದು ಮೊಟಕಾಗಿದೆ. ಪಣ ಕಟ್ಟುವವನು ‘ಪಂಟರ್’, ದರವು ‘ಭಾವ’; ಕಟ್ಟುವುದು ‘ಲಗಾನಾ’, ಹಿಡಿಯುವುದು ‘ಖಾನಾ’. ನಮ್ಮ ಹಳಗನ್ನಡಕ್ಕೆ ‘ನೆತ್ತ’ವೆಂಬ ಪದ ಪರಿಚಿತವಾಗಿದ್ದಿತು, ನೆತ್ತವಾಡಿ ರಾಜ್ಯವನ್ನು ಕಳೆದ ಧರ್ಮರಾಯನ ಕಥೆಯಂತೂ ಕನ್ನಡಿಗರ ಮನೆಮಾತು. ಆದರೆ ಆ ಕಥೆಯಲ್ಲಿ ನಮ್ಮ ದೃಷ್ಟಿಯು ಯಾವಾಗಲೂ ಆಡುವವರ ಮೇಲೆ ನೆಟ್ಟಿರುತ್ತದೆ. ಆಟದ ಸಭೆಯನ್ನು ನಡೆಸುವವನು, ಅದರಿಂದಲೇ ಜೀವಿಸುವವನು ನಮ್ಮ ಗಮನಕ್ಕೆ ಬರುವುದೇ ವಿರಳ. ಶಾಸ್ತ್ರಕಾರರು ಮಾತ್ರ ಅವನನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವನನ್ನು ಅವರು ‘ಸಭಿಕ’ನೆಂದು ಕರೆದರು.

ಈ ಸಭಿಕನ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರದೊಳಗೆ ಎರಡು ಪಕ್ಷಗಳಿವೆ. ಒಂದು ಮನುವಿನದು. ಜಡವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಮುಂದಿಟ್ಟು ಪಣ ಕಟ್ಟುವುದು ಸಮಾಹ್ವಯ ಎಂದು ವಿಭಾಗಿಸಿ, ಎರಡನ್ನೂ ರಾಜನು ತನ್ನ ರಾಜ್ಯದಿಂದ ನಿರ್ಮೂಲ ಮಾಡಬೇಕೆಂದು ಅವನು ವಿಧಿಸುತ್ತಾನೆ. ಆಡುವವನಂತೆಯೇ ಆಡಿಸುವವನಿಗೂ ದೇಹದಂಡನೆ. ಎರಡನೆಯ ಪಕ್ಷ ಕೌಟಿಲ್ಯ ಮತ್ತು ಯಾಜ್ಞವಲ್ಕ್ಯರದು. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಯಿಸಬೇಕೆಂದೂ, ಬೇರೆಡೆಯಲ್ಲಿ ಆಡಿದವನಿಗೆ ೧೨ ಪಣ ದಂಡವೆಂದೂ, ಗೆದ್ದ ಹಣದಲ್ಲಿ ನೂರಕ್ಕೆ ೫ರಂತೆ ತೆಗೆದುಕೊಳ್ಳಬೇಕೆಂದೂ ಹೇಳಿದೆ. ಒಂದೇ ಸ್ಥಳವೇಕೆಂದರೆ, ಗುಪ್ತವಾಗಿ ಜೀವಿಸುವವರು ಯಾರೆಂಬುದು ಅಲ್ಲಿ ತಿಳಿದುಬರುತ್ತದೆಯಾದ್ದರಿಂದ. ಅಂದರೆ, ಬೇಲಿಯು ಇಂಗ್ಲಿಷರು ತಂದುದಲ್ಲ. ಅದು ಈ ನೆಲದಲ್ಲಿಯೇ ಅತಿ ಪ್ರಾಚೀನ.

ಯಾಜ್ಞವಲ್ಕ್ಯನ ವಿಧಿಯು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ. ಸಭಿಕನು ಪಣದ ಗಾತ್ರವನ್ನು ನೋಡಿ ನೂರಕ್ಕೆ ೫ ಅಥವಾ ೧೦ರಂತೆ ತನ್ನ ಪಾಲನ್ನು ತೆಗೆದುಕೊಳ್ಳಬಹುದು. ಒಪ್ಪಿಕೊಂಡ ಭಾಗವನ್ನು ರಾಜನಿಗೆ ಒಪ್ಪಿಸಬೇಕು. ಸೋತವನಿಂದ ಹಣವನ್ನು ವಸೂಲು ಮಾಡಿ ಗೆದ್ದವನಿಗೆ ಮುಟ್ಟಿಸಬೇಕು, ಸತ್ಯವಂತನಾಗಿ ಮಾತನಾಡಬೇಕು. ಇದಕ್ಕೆ ಪ್ರತಿಯಾಗಿ ರಾಜನ ಮೇಲೂ ಒಂದು ಹೊಣೆಯುಂಟು: ಪ್ರಸಿದ್ಧವಾದ ಸಭೆಯಲ್ಲಿ, ಸಭಿಕನ ಸಮಕ್ಷಮದಲ್ಲಿ, ರಾಜಭಾಗವನ್ನು ಕೊಟ್ಟು ಆಡಿದ ಆಟವಾದರೆ ಗೆದ್ದ ಹಣವನ್ನು ರಾಜನೇ ಕೊಡಿಸಬೇಕು, ಹಾಗಲ್ಲದಿದ್ದರೆ ಕೊಡಿಸಬೇಕಾಗಿಲ್ಲ. ಪ್ರಾಣಿಗಳ ಮೇಲಿನ ಪಣಕ್ಕೂ ಇದೇ ವಿಧಿಯೆಂದು ಸ್ಮೃತಿಯು ಸ್ಪಷ್ಟವಾಗಿ ಸೇರಿಸಿದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ದ್ಯೂತಸಮಾಹ್ವಯದ ಪ್ರಕರಣವನ್ನೂ ಅವನು ಇತರ ವ್ಯವಹಾರಪದಗಳ ಸಾಲಿನಲ್ಲಿಯೇ ವಿವರಿಸಿದ್ದಾನೆ. ಕನ್ನಡ ನಾಡಿನ ಹೃದಯಭಾಗದಲ್ಲಿ ರಚಿತವಾದ ಈ ಗ್ರಂಥವು ಮುಂದೆ ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತೆಂಬುದು ಸರ್ವವಿದಿತ. ರಾಜನು ಪಾಲನ್ನು ಪಡೆದರೆ ಹೊಣೆಯನ್ನೂ ಹೊರಬೇಕು ಎಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಇತಿಹಾಸವೆಲ್ಲ ಈ ಎರಡೂ ಬೇರೆಬೇರೆಯಾದ ಬಗೆಯ ಇತಿಹಾಸವೇ ಆಗಿದೆ.

ಆಧುನಿಕ ಬುಕ್‌ಮೇಕರನು ಸಭಿಕನಿಂದ ಒಂದು ಮುಖ್ಯ ವಿಷಯದಲ್ಲಿ ಭಿನ್ನನು. ಸಭಿಕನು ಇಬ್ಬರು ಆಟಗಾರರ ನಡುವೆ ನಿಂತು ಪಾಲನ್ನು ಎತ್ತುವವನು. ಬುಕ್‌ಮೇಕರನಾದರೋ ಪ್ರತಿಯೊಬ್ಬ ಪಣಗಾರನಿಗೂ ತಾನೇ ಎದುರಾಳಿಯಾಗಿ ನಿಲ್ಲುತ್ತಾನೆ. ಇಂಗ್ಲಂಡಿನ ನ್ಯೂಮಾರ್ಕೆಟ್ಟಿನಲ್ಲಿ ೧೭೯೦ರ ದಶಕದಲ್ಲಿ ಆಗ್ಡೆನ್ನನೆಂಬವನು ಓಟದ ಪ್ರತಿಯೊಂದು ಕುದುರೆಗೂ ಬೇರೆಬೇರೆ ದರವನ್ನು ಸಾರಿ ಪಣ ಹಿಡಿಯತೊಡಗಿದನೆಂದೂ, ಈ ಕಸುಬಿಗೆ ಅವನೇ ಆದ್ಯನೆಂದೂ ಪ್ರತೀತಿಯಿದೆ. ಅದಕ್ಕೆ ಮುಂಚೆ ಕುದುರೆಗಳ ಒಡೆಯರು ತಮ್ಮತಮ್ಮೊಳಗೆ ಪಣ ಕಟ್ಟುತ್ತಿದ್ದರು.

ಈ ಕಸುಬಿನ ಮರ್ಮವು ಗಣಿತದಲ್ಲಿದೆ. ನಾಲ್ಕು ಕುದುರೆಗಳ ಓಟವೊಂದನ್ನು ಊಹಿಸಿಕೊಳ್ಳೋಣ. ಮೊದಲನೆಯದಕ್ಕೆ ಒಂದಕ್ಕೆ ಒಂದು, ಎರಡನೆಯದಕ್ಕೆ ಒಂದಕ್ಕೆ ಎರಡು, ಮೂರನೆಯದಕ್ಕೆ ಒಂದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಒಂದಕ್ಕೆ ಒಂಬತ್ತು ದರವೆಂದು ಹಲಗೆಯ ಮೇಲೆ ಬರೆದಿದೆಯೆನ್ನೋಣ. ಜನರು ಕ್ರಮವಾಗಿ ೫೦೦, ೩೩೩, ೨೦೦, ೧೦೦ ರೂಪಾಯಿಗಳನ್ನು ಕಟ್ಟಿದರೆ ಪೆಟ್ಟಿಗೆಗೆ ಬಂದ ಹಣ ೧,೧೩೩ ರೂಪಾಯಿ. ಯಾವ ಕುದುರೆ ಗೆದ್ದರೂ ಪಣವನ್ನೂ ಗೆಲುವನ್ನೂ ಕೂಡಿಸಿ ಅವನು ಕೊಡಬೇಕಾದದ್ದು ಸುಮಾರು ೧,೦೦೦ ರೂಪಾಯಿ, ಉಳಿಯುವುದು ೧೩೩. ಆಗ ಖಾತೆಯು ‘ಸಮ’ವಾಗಿದೆ, ಯಾವ ಕುದುರೆ ಮುಂದೆ ಬಂದರೂ ಅವನಿಗೆ ಚಿಂತೆಯಿಲ್ಲ. ಆದರೆ ಜನರು ಲೆಕ್ಕಕ್ಕೆ ತಕ್ಕಂತೆ ಪಣ ಕಟ್ಟುವವರಲ್ಲ. ಆ ೧,೧೩೩ ರೂಪಾಯಿಗಳೆಲ್ಲವೂ ಮೊದಲನೆಯ ಕುದುರೆಯ ಮೇಲೆಯೇ ಬಿದ್ದು ಅದು ಗೆದ್ದರೆ ಅವನು ೨,೨೬೬ ರೂಪಾಯಿ ತೆರಬೇಕು. ಕೈಯಿಂದ ೧,೧೩೩ ಹೋಯಿತು. ಆದಕಾರಣ ಹಣವು ಒಂದೆಡೆಗೆ ಹರಿಯತೊಡಗಿದೊಡನೆ ಆ ಕುದುರೆಯ ದರವನ್ನು ಇಳಿಸಬೇಕು, ಬೇರೆಯವುಗಳ ದರವನ್ನು ಏರಿಸಬೇಕು, ಮಿಕ್ಕ ಭಾರವನ್ನು ಮತ್ತೊಬ್ಬ ಬುಕ್‌ಮೇಕರನ ಹತ್ತಿರ ತಾನೇ ಪಣ ಕಟ್ಟಿ ಇಳಿಸಿಕೊಳ್ಳಬೇಕು. ಓಟ ಮೊದಲಾಗುವ ಮುನ್ನಿನ ಕೆಲವೇ ನಿಮಿಷಗಳಲ್ಲಿ ಇದೆಲ್ಲ ನಡೆಯಬೇಕು. ಕುದುರೆಯ ವಂಶ, ತೂಕ, ಸವಾರನ ಕೈವಾಡ, ನೆಲದ ತೇವ ಇವುಗಳ ಜ್ಞಾನವೂ ಬೇಕು. ಹಲಗೆಯ ಮುಂದೆ ನಿಂತವನ ಹಿಂದೆ ಖಾತೆ ಬರೆಯುವ ಗುಮಾಸ್ತ, ಹಣ ಎಣಿಸುವವನು, ಇತರರ ದರವನ್ನು ನೋಡಿಬಂದು ಹೇಳುವವನು ಇರುತ್ತಾರೆ. ಆದುದರಿಂದ ಇದನ್ನು ಅದೃಷ್ಟದ ಕಸುಬೆನ್ನುವುದು ತಪ್ಪು. ಅದೃಷ್ಟವು ಪಂಟರನದು, ಬುಕ್‌ಮೇಕರನ ಬದುಕು ಅದೃಷ್ಟವನ್ನು ತನ್ನ ಖಾತೆಯಿಂದ ಹೊರಗಿಡುವ ಪ್ರಯತ್ನದಲ್ಲಿದೆ.

ಇವನಿಗೆ ಪ್ರತಿಸ್ಪರ್ಧಿಯಾಗಿ ಬಂದುದು ಯಂತ್ರ. ಪ್ಯಾರಿಸ್ಸಿನಲ್ಲಿ ೧೮೬೦ರ ದಶಕದಲ್ಲಿ ಜೋಸೆಫ್ ಒಲ್ಲೇ ಎಂಬವನು ಎಲ್ಲರ ಪಣವನ್ನೂ ಒಂದೇ ನಿಧಿಯಲ್ಲಿ ಕೂಡಿಸಿ, ಗೊತ್ತಾದ ಭಾಗವನ್ನು ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುವ ಪದ್ಧತಿಯನ್ನು ಏರ್ಪಡಿಸಿದನು. ೧೯೧೩ರಲ್ಲಿ ನ್ಯೂಜೀಲಂಡಿನ ಆಕ್ಲಂಡಿನಲ್ಲಿ ಜಾರ್ಜ್ ಜೂಲಿಯಸ್ಸನ ಯಂತ್ರವು ಆ ಲೆಕ್ಕವನ್ನು ತಾನಾಗಿಯೇ ಮಾಡತೊಡಗಿತು. ಇದೇ ಟೋಟಲೈಸೇಟರ್, ನಮ್ಮವರ ‘ಟೋಟ್’. ಇದರಲ್ಲಿ ನಡೆಸುವವನಿಗೆ ನಷ್ಟವೆಂಬುದಿಲ್ಲ. ಆದರೆ ಕೊನೆಯವರೆಗೂ ದರವೇನೆಂಬುದು ಪಣಗಾರನಿಗೆ ನಿಶ್ಚಿತವಿಲ್ಲ. ನಿಶ್ಚಿತ ದರವನ್ನು ಬಾಯಿಮಾತಿನಲ್ಲಿ ಕೊಟ್ಟು ಅದಕ್ಕೆ ಬದ್ಧನಾಗುವುದೇ ಬುಕ್‌ಮೇಕರನ ವೈಶಿಷ್ಟ್ಯ.

ಇನ್ನು ಈ ಕಸುಬು ಪುಣೆಯ ಪರಿಸರಕ್ಕೆ ಬಂದ ಬಗೆಯನ್ನು ನೋಡೋಣ. ೧೮೧೭ರ ನವೆಂಬರ್ ೫ರಂದು ಖಡಕಿಯ ಬಯಲಿನಲ್ಲಿ ಎರಡನೆಯ ಬಾಜೀರಾಯನ ಸೈನ್ಯವು ಕಂಪನಿಯ ಸೈನ್ಯದೆದುರು ಸೋತಿತು. ಯುದ್ಧದ ಫಲವಾಗಿ ಪೇಶವೆಯರ ರಾಜಧಾನಿಯ ಎರಡು ಮಗ್ಗುಲುಗಳಲ್ಲಿ ದಂಡುಗಳು ನೆಲೆಯೂರಿದವು: ಪೂರ್ವದಲ್ಲಿ ಪುಣೆಯ ದಂಡು, ವಾಯವ್ಯದಲ್ಲಿ ಖಡಕಿಯ ದಂಡು. ದಂಡೆಂದ ಮೇಲೆ ಕುದುರೆಗಳು, ಕುದುರೆಗಳೆಂದ ಮೇಲೆ ಓಟ, ಓಟವೆಂದ ಮೇಲೆ ಪಣ. ಪುಣೆಯ ರೇಸಿನ ಮೈದಾನವು ೧೮೩೦ರಲ್ಲಿ ಸೈನ್ಯಕ್ಕೆ ಸೇರಿದ ೧೧೮ ಎಕರೆಗೂ ಮೀರಿದ ನೆಲದಲ್ಲಿ ಏರ್ಪಟ್ಟಿತು; ಮುಂಬಯಿಯ ಮಹಾಲಕ್ಷ್ಮಿಯ ಮೈದಾನ (೧೮೮೩) ಅದಕ್ಕಿಂತ ಅರ್ಧ ಶತಮಾನ ಕಿರಿದು.

ಪುಣೆಯ ರೇಸು ಮಳೆಗಾಲದ್ದಾಗಲು ಕಾರಣವೂ ಗಮನಾರ್ಹ. ಮುಂಬಯಿಯ ನೆಲವು ಮಳೆಗೆ ಕೆಸರಾದಾಗ ಘಟ್ಟದ ಮೇಲಿನ ಪುಣೆಯಲ್ಲಿ ಮಳೆ ಮಿತವಾಗಿರುತ್ತದೆ. ಮುಂಬಯಿಯ ಗವರ್ನರರು ಈ ಕಾರಣದಿಂದಲೇ ತಮ್ಮ ಮಳೆಗಾಲದ ಬಿಡಾರವನ್ನು ಇಲ್ಲಿಗೆ ತಂದರು: ೧೮೨೮ರಿಂದ ಖಡಕಿಗೆ ಹೊಳೆಯಾಚೆಯ ದಾಪೋಡಿಯ ಬಂಗಲೆಗೆ, ತರುವಾಯ ೧೮೬೪ರಲ್ಲಿ ಆರಂಭವಾಗಿ ೧೮೭೧ರಲ್ಲಿ ಮುಗಿದ ಗಣೇಶಖಿಂಡಿನ ಭವ್ಯ ಭವನಕ್ಕೆ. ಖಡಕಿಗೆ ಹೊಂದಿಕೊಂಡಿರುವ ಆ ಭವನದಲ್ಲಿಯೇ ಇಂದು ಪುಣೆ ವಿಶ್ವವಿದ್ಯಾಲಯವಿದೆ. ಗವರ್ನರರ ಹಿಂದೆ ಅಧಿಕಾರಿಗಳು, ಅವರ ಹಿಂದೆ ಮುಂಬಯಿಯ ಶೆಟ್ಟಿಗಳು, ಅವರ ಹಿಂದೆ ಕುದುರೆಗಳು, ಕುದುರೆಗಳ ಹಿಂದೆ ಬುಕ್‌ಮೇಕರರು ಘಟ್ಟವನ್ನು ಏರಿದರು. ೧೮೬೩ರಲ್ಲಿ ಬೋರಘಾಟದ ರೈಲುಹಾದಿ ತೆರೆದ ಮೇಲೆ ಈ ಪ್ರಯಾಣವು ಸುಲಭವಾಯಿತು. ಖಡಕಿಯು ಅದೇ ಹಾದಿಯ ನಿಲ್ದಾಣ. ಮಳೆಗಾಲದಲ್ಲಿ ಪುಣೆ, ಚಳಿಗಾಲದಿಂದ ಬೇಸಗೆಯವರೆಗೆ ಮುಂಬಯಿ ಎಂಬ ರೇಸಿನ ಪಂಚಾಂಗವು ಗವರ್ನರರು ಹೋದ ಮೇಲೂ ನಿಂತಿದೆ. ಎರಡೂ ಮೈದಾನಗಳನ್ನು ನಡೆಸುವ ಪಶ್ಚಿಮ ಭಾರತ ಟರ್ಫ್ ಕ್ಲಬ್ಬಿಗೆ ೧೯೩೫ರಲ್ಲಿ ‘ರಾಯಲ್’ ಎಂಬ ಬಿರುದು ಸಂದಿತು.

ಇದೇ ಕಾಲದಲ್ಲಿ ಖಡಕಿಯ ಸ್ವರೂಪವೂ ಬದಲಾಯಿತು. ೧೮೬೯ರಲ್ಲಿ ಅಲ್ಲಿ ಮದ್ದುಗುಂಡಿನ ಕಾರಖಾನೆ ಸ್ಥಾಪಿತವಾಯಿತು. ಮುಂಬಯಿ ಸ್ಯಾಪರ್ಸ್ ದಳದ ಕೇಂದ್ರವೂ ಬಂದಿತು. ಸಿಪಾಯಿಯ ಸಂಬಳ, ಕಾರಖಾನೆಯ ಕೂಲಿ ಇವೆರಡೂ ಗೊತ್ತಾದ ದಿನಕ್ಕೆ ಕೈಗೆ ಬರುವ ನಗದು. ಮೈದಾನದ ಪ್ರವೇಶಧನವನ್ನು ಕೊಡಲಾರದ, ರಜೆ ದೊರೆಯದ ಜನಕ್ಕೂ ಪಣದ ಆಸೆಯಿರುತ್ತದೆ. ಆ ಆಸೆಯನ್ನು ಪೂರೈಸುವವನು ಬೇಲಿಯ ಹೊರಗಿನವನಾಗಲೇಬೇಕು.

ಬೇಲಿಯನ್ನು ಕಾನೂನು ಹಂತಹಂತವಾಗಿ ಕಟ್ಟಿತು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಪಣದ ಕರಾರು ನ್ಯಾಯಾಲಯದಲ್ಲಿ ನಿಲ್ಲುತ್ತಿದ್ದಿತು. ಕಲಕತ್ತೆಯ ಸರಕಾರಿ ಹರಾಜಿನಲ್ಲಿ ಪಾಟ್ನಾ ಅಫೀಮಿಗೆ ಬರುವ ಸರಾಸರಿ ಬೆಲೆಯ ಮೇಲೆ ಮುಂಬಯಿಯ ವ್ಯಾಪಾರಿಗಳು ಕಟ್ಟಿದ್ದ ಪಣದ ದಾವೆಯು ೧೮೪೮ರಲ್ಲಿ ಪ್ರಿವಿ ಕೌನ್ಸಿಲಿನವರೆಗೆ ಹೋದಾಗ, ಅಂಥ ಪಣವನ್ನು ವಸೂಲು ಮಾಡಬಹುದೆಂದೇ ತೀರ್ಪಾಯಿತು. ಆದರೆ ಇಂಗ್ಲಂಡು ೧೮೪೫ರಲ್ಲಿಯೇ ಪಣದ ಕರಾರುಗಳನ್ನು ಅಸಿಂಧುವೆಂದು ಮಾಡಿದ್ದಿತು. ಅದನ್ನನುಸರಿಸಿ ೧೮೪೮ರ ೨೧ನೆಯ ಕಾಯಿದೆಯು ಇಲ್ಲಿಯೂ ಹಾಗೆಯೇ ವಿಧಿಸಿತು. ೧೮೭೨ರ ಕರಾರು ಕಾಯಿದೆಯ ೩೦ನೆಯ ಕಲಮು ಅದನ್ನು ಖಾಯಂಗೊಳಿಸಿತು. ಕುದುರೆಯ ಓಟದಲ್ಲಿ ಗೆದ್ದವರಿಗೆ ಕೊಡುವ ೫೦೦ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬಹುಮಾನದ ವಂತಿಗೆಗೆ ಮಾತ್ರ ಆ ಕಲಮಿನಲ್ಲಿ ವಿನಾಯಿತಿಯಿದೆ. ಅಂದರೆ ಕುದುರೆಯ ಒಡೆಯನಿಗೆ ಬರಬೇಕಾದ ಬಹುಮಾನಕ್ಕೆ ಕಾನೂನಿನ ರಕ್ಷಣೆಯುಂಟು. ಅದೇ ಕುದುರೆಯ ಮೇಲೆ ಪಣ ಕಟ್ಟಿದವನಿಗೂ ಹಿಡಿದವನಿಗೂ ಇಲ್ಲ.

ಮುಂಬಯಿ ಪ್ರಾಂತವು ಮತ್ತೂ ಬಿಗಿಯಾಗಿದ್ದಿತು. ಅಲ್ಲಿಯ ೧೮೬೫ರ ೩ನೆಯ ಕಾಯಿದೆಯ ಮೇರೆಗೆ ಪಣವಷ್ಟೇ ಅಲ್ಲ, ಪಣದ ಸಲುವಾಗಿ ಮಾಡಿಕೊಂಡ ಪಾಲುದಾರಿಕೆ, ದಲಾಲಿ ಮೊದಲಾದ ಕರಾರುಗಳೂ ಅಸಿಂಧು. ೧೮೮೭ರಲ್ಲಿ ಜೂಜು ಪ್ರತಿಬಂಧಕ ಕಾಯಿದೆಯು ಬಂದು ಜೂಜಿನ ಮನೆಯನ್ನು ನಡೆಸುವುದನ್ನು ಅಪರಾಧವನ್ನಾಗಿಸಿತು. ಆಗಿನ ಜನರು ಪಣ ಕಟ್ಟದ ವಸ್ತುವೇ ಇರಲಿಲ್ಲ. ಮಳೆ ಬೀಳುವುದೋ ಇಲ್ಲವೋ ಎಂಬುದರ ಮೇಲೂ ಮುಂಬಯಿ, ಕಲಕತ್ತೆಗಳಲ್ಲಿ ಪಣ ನಡೆಯುತ್ತಿದ್ದಿತು. ಕಲಕತ್ತೆಯಲ್ಲಿ ಅದನ್ನು ನಿಲ್ಲಿಸುವುದಕ್ಕಾಗಿಯೇ ೧೮೯೭ರಲ್ಲಿ ಕಾಯಿದೆ ಮಾಡಬೇಕಾಯಿತು. ೧೯೧೨ರಲ್ಲಿ ಮುಂಬಯಿ ಸರಕಾರವು ರೇಸಿನ ಮೈದಾನಗಳಿಗೆ ಪರವಾನಗಿಯ ಕಾಯಿದೆಯನ್ನು ಮಾಡಿತು. ಜೂಜಿನ ಕಾಯಿದೆಯಲ್ಲಿಯೂ ಕುದುರೆಯ ಓಟಕ್ಕೆ ವಿನಾಯಿತಿಯು ಸೇರಿತು. ಅದಕ್ಕೆ ಮೂರು ಕಟ್ಟುಗಳು: ಓಟ ನಡೆಯುವ ದಿನವೇ ಪಣ ಕಟ್ಟಬೇಕು, ಪರವಾನಗಿಯುಳ್ಳ ಮೈದಾನದಲ್ಲಿ ಸರಕಾರದ ಸಮ್ಮತಿಯಿಂದ ಗೊತ್ತುಮಾಡಿದ ಆವರಣದಲ್ಲಿಯೇ ಕಟ್ಟಬೇಕು, ಕಟ್ಟುವವನು ಅಲ್ಲಿ ಖುದ್ದಾಗಿ ಇರಬೇಕು. ದಿನ, ಸ್ಥಳ, ವ್ಯಕ್ತಿ ಈ ಮೂರು ಗೂಟಗಳ ಮೇಲೆ ಬೇಲಿಯು ನಿಂತಿತು. ಕೌಟಿಲ್ಯನ ‘ಒಂದೇ ಸ್ಥಳ’ವು ಹೀಗೆ ಇಂಗ್ಲಿಷ್ ಭಾಷೆಯಲ್ಲಿ ಮರಳಿ ಬಂದಿತೆನ್ನಬಹುದು.

ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ ಖಡಕಿಗೆ ಅನ್ವಯಿಸಿದ ಕಾನೂನೇ ಅಲ್ಲಿಯ ಕನ್ನಡಿಗರಿಗೂ ಅನ್ವಯಿಸಿತು. ಮೈಸೂರು ಸೀಮೆಯಲ್ಲಿ ರೇಸು ಬೇರೆ ದಾರಿಯಿಂದ ಬೆಳೆಯಿತು. ಅಲ್ಲಿ ಮೈದಾನಗಳಿಗೆ ೧೯೫೨ರಲ್ಲಿ ಪರವಾನಗಿಯ ಕಾಯಿದೆಯಾಯಿತು. ಏಕೀಕರಣದ ತರುವಾಯ ೧೯೬೩ರ ಪೋಲೀಸು ಕಾಯಿದೆಯು ಇಡೀ ರಾಜ್ಯದ ಜೂಜಿಗೆ ಒಂದೇ ಕಟ್ಟನ್ನು ಹಾಕಿತು. ದಾರಿ ಬೇರೆಯಾದರೂ ಬೇಲಿ ಒಂದೇ ಮಾದರಿಯದು.

ಬೇಲಿಯ ಹೊರಗೆ ಬೆಳೆದ ಕಸುಬಿನ ಅತಿ ದೊಡ್ಡ ಉದಾಹರಣೆ ಮಟ್ಕಾ. ನ್ಯೂಯಾರ್ಕಿನ ಹತ್ತಿಯ ಪೇಟೆಯಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮೊದಲು ಪಣ ನಡೆಯುತ್ತಿದ್ದಿತು. ೧೯೬೦ರ ದಶಕದ ಆದಿಯಲ್ಲಿ ಆ ದರಗಳು ನಿಂತುಹೋದಾಗ ಮಡಕೆಯಿಂದ ಚೀಟಿ ಎತ್ತಿ ಅಂಕಿಗಳನ್ನು ಸಾರುವ ಪದ್ಧತಿಯು ಹುಟ್ಟಿತು. ಕಲ್ಯಾಣಜಿ ಭಗತ, ರತನ್ ಖತ್ರಿ ಎಂಬವರ ಹೆಸರುಗಳು ಇದರೊಡನೆ ಬೆರೆತಿವೆ. ಕರ್ನಾಟಕದಲ್ಲಿ ಇದನ್ನೇ ‘ಓಸಿ’ ಎನ್ನುತ್ತಾರೆ. ಓಪನ್, ಕ್ಲೋಸ್ ಎಂಬ ಎರಡು ಪದಗಳ ಮೊದಲಕ್ಷರಗಳಲ್ಲಿ ಹತ್ತಿಯ ಪೇಟೆಯ ನೆನಪು ಇನ್ನೂ ಉಳಿದಿದೆ. ‘ಓಸಿ ಬರೆಯುವುದು’ ಎಂಬ ನಮ್ಮ ನುಡಿಯಲ್ಲಿ ಬರೆಯುವ ಕ್ರಿಯೆಯೇ ಮುಖ್ಯವಾಗಿರುವುದನ್ನು ಗಮನಿಸಬೇಕು. ಬುಕ್‌ಮೇಕರನ ‘ಬುಕ್ಕಿ’ಗೆ ಕನ್ನಡವು ತಾನಾಗಿ ಕಂಡುಕೊಂಡ ಸಮಾನಪದವೇ ಅದು. ಆದರೆ ಇಲ್ಲಿ ಕುದುರೆಯ ಜ್ಞಾನವಿಲ್ಲ, ದರದ ಏರಿಳಿತವಿಲ್ಲ, ಖಾತೆಯನ್ನು ಸಮಗೊಳಿಸುವ ಕೌಶಲವಿಲ್ಲ. ಉಳಿದಿರುವುದು ಚೀಟಿ ಮತ್ತು ಕೂಲಿಕಾರನ ಕಾಸು. ವಿಜಾಪುರ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಮ್ಮವರಂಥ ದಿನಗೂಲಿಯವರಿಗೆ ಈ ಚೀಟಿಯು ರೇಸಿನ ಮೈದಾನಕ್ಕಿಂತ ಎಷ್ಟೋ ಹತ್ತಿರದ್ದೆಂಬುದು ವ್ಯಸನಕರವಾದರೂ ನಿಜ.

ಸ್ವಾತಂತ್ರ್ಯದ ತರುವಾಯ ಈ ವೃತ್ತಿಯ ಸ್ಥಾನವೇನೆಂಬ ಪ್ರಶ್ನೆಯು ಸಂವಿಧಾನದ ಮಟ್ಟಕ್ಕೆ ಏರಿತು. ಅದನ್ನು ಏರಿಸಿದ್ದು ಬೆಂಗಳೂರಿನ ಒಂದು ಪತ್ರಿಕೆ. ಅಲ್ಲಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿದ್ದಿತು. ಮುಂಬಯಿ ರಾಜ್ಯದಲ್ಲಿ ಅದಕ್ಕೆ ಬಹುಜನ ಸ್ಪರ್ಧಿಗಳು. ಮುಂಬಯಿ ಸರಕಾರವು ತೆರಿಗೆ ವಿಧಿಸಿದಾಗ ನಡೆಸುವವರು, ವ್ಯಾಪಾರ ಮಾಡುವ ಸ್ವಾತಂತ್ರ್ಯವು ಸಂವಿಧಾನದತ್ತವಾದುದೆಂದು ವಾದಿಸಿದರು. ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಮಾರಬಾಗವಾಲಾ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸರ ಮೂಲಕ ಉತ್ತರ ಕೊಟ್ಟಿತು: ಜೂಜು ವ್ಯಾಪಾರವೇ ಅಲ್ಲ, ಅದು ವ್ಯಾಪಾರದ ಕ್ಷೇತ್ರದಿಂದ ಹೊರಗಿನದು, ಆದುದರಿಂದ ಅದಕ್ಕೆ ಆ ರಕ್ಷಣೆಯಿಲ್ಲ. ಋಗ್ವೇದದ ಜೂಜುಗಾರನ ಸೂಕ್ತದಿಂದ ಮನು, ಯಾಜ್ಞವಲ್ಕ್ಯರವರೆಗೆ ಅವರು ಪ್ರಾಚೀನರ ಅಭಿಪ್ರಾಯಗಳನ್ನು ಪರಾಮರ್ಶಿಸಿದರು. ತೆರಿಗೆಯನ್ನು ಮಾತ್ರ ಎತ್ತಿಹಿಡಿದರು. ವ್ಯಾಪಾರವಲ್ಲದ ವ್ಯಾಪಾರದಿಂದ ತೆರಿಗೆ ಎತ್ತಬಹುದೆಂಬುದೇ ತೀರ್ಪಿನ ಫಲಿತಾರ್ಥ.

೧೯೫೯ರಲ್ಲಿ ಗೇರುಲಾಲ್ ಪಾರಖ್ ಮೊಕದ್ದಮೆಯು ಬಂದಿತು. ಎರಡು ಕುಟುಂಬಗಳು ಪಾಲುದಾರರಾಗಿ ಹಾಪುರದ ಗೋಧಿಯ ಸಟ್ಟೆಯಲ್ಲಿ ನಷ್ಟ ಹೊಂದಿದವು. ಹಣ ತೆತ್ತವರು ಮತ್ತೊಬ್ಬರ ಪಾಲನ್ನು ಕೇಳಿದರು. ಪಣದ ಕರಾರು ಅಸಿಂಧುವೇ ಹೊರತು ಕಾನೂನುಬಾಹಿರವಲ್ಲ, ಆದ್ದರಿಂದ ಪಾಲುದಾರಿಕೆಯ ಲೆಕ್ಕ ನಿಲ್ಲುತ್ತದೆ ಎಂದು ನ್ಯಾಯಮೂರ್ತಿ ಕೆ. ಸುಬ್ಬರಾಯರು ನಿರ್ಣಯಿಸಿದರು. ೧೮೬೫ರ ಕಾಯಿದೆಯ ಕಾರಣದಿಂದ ಮುಂಬಯಿ ಪ್ರಾಂತಕ್ಕೆ ಮಾತ್ರ ಈ ಸೌಲಭ್ಯವಿಲ್ಲ. ಹೀಗಾಗಿ ಖಡಕಿಯಲ್ಲಿ ಇಬ್ಬರು ಕೂಡಿ ಇಂಥ ಕಸುಬು ಮಾಡಿದರೆ ಒಬ್ಬನು ಮತ್ತೊಬ್ಬನ ಮೇಲೆ ನಂಬಿಕೆಯನ್ನಲ್ಲದೆ ಬೇರೇನನ್ನೂ ಆಶ್ರಯಿಸುವಂತಿಲ್ಲ.

ಕುದುರೆಯ ಓಟದ ಪರವಾಗಿ ತೀರ್ಪು ಬಂದುದು ೧೯೯೬ರಲ್ಲಿ. ಮದ್ರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಲಕ್ಷ್ಮಣನ್ ಮೊಕದ್ದಮೆಯಲ್ಲಿ, ಕುದುರೆಯ ಓಟವು ಪ್ರಧಾನವಾಗಿ ಕೌಶಲದ ಆಟವೆಂದೂ, ಅದರ ಮೇಲಿನ ಪಣವು ಅಲ್ಲಿಯ ಕಾಯಿದೆಗಳ ಅರ್ಥದಲ್ಲಿ ಜೂಜಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಬುಕ್‌ಮೇಕರನಿಗೆ ಇದರಿಂದ ಮರ್ಯಾದೆಯು ಅಷ್ಟಿಷ್ಟು ಬಂದಿತು. ಆದರೆ ಕರಾರು ಕಾಯಿದೆಯ ೩೦ನೆಯ ಕಲಮು ಇದ್ದಲ್ಲಿಯೇ ಇದೆ. ಪಂಟರನು ಸಾಲವಾಗಿ ಪಣ ಕಟ್ಟಿ ಸೋತು ಕೈಯೆತ್ತಿದರೆ, ಬುಕ್‌ಮೇಕರನು ಸೋತು ತಲೆಮರೆಸಿಕೊಂಡರೆ, ದಾವೆಯಿಂದ ಪ್ರಯೋಜನವಿಲ್ಲ. ಮೈದಾನದೊಳಗೆ ಕೊಟ್ಟ ಮಾತು ನಡೆಯುವುದು ಕ್ಲಬ್ಬಿನ ಶಿಸ್ತಿನಿಂದ, ಪರವಾನಗಿ ಹೋದೀತೆಂಬ ಭಯದಿಂದ. ಬೇಲಿಯ ಹೊರಗೆ ನಡೆಯುವುದು ಇನ್ನೂ ಕ್ರೂರವಾದ ಭಯದಿಂದ.

ಇತ್ತೀಚಿನ ವರ್ಷಗಳಲ್ಲಿ ಬೇಲಿಯು ಎರಡು ಕಡೆಯಿಂದ ಕುಸಿಯುತ್ತಲಿದೆ. ಒಂದು ಕಡೆ ತೆರಿಗೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ೨೦೨೩ರ ಅಕ್ಟೋಬರ್ ೧ರಿಂದ ಪಣದ ಪೂರ್ಣ ಮೊತ್ತದ ಮೇಲೆ ನೂರಕ್ಕೆ ೨೮, ೨೦೨೫ರ ಸೆಪ್ಟೆಂಬರ್ ೨೨ರಿಂದ ನೂರಕ್ಕೆ ೪೦ ಎಂದು ಗೊತ್ತಾಯಿತು. ಮೇಲಿನ ಉದಾಹರಣೆಯನ್ನೇ ಮರಳಿ ನೋಡೋಣ. ೧,೧೩೩ ರೂಪಾಯಿಗಳ ಪಣದಲ್ಲಿ ಬುಕ್‌ಮೇಕರನಿಗೆ ಉಳಿಯುವುದು ೧೩೩. ಅದರ ಮೇಲಿನ ತೆರಿಗೆಯು ಮೊದಲಿನ ದರದಲ್ಲಿ ೩೧೭, ಈಗಿನ ದರದಲ್ಲಿ ೪೫೩. ಇದನ್ನು ಪಣಗಾರನ ಮೇಲೆಯೇ ಹೊರಿಸಿದರೆ ೧೦೦ ರೂಪಾಯಿಯ ಪಣಕ್ಕೆ ೧೪೦ ತೆರಬೇಕು. ಒಂದಕ್ಕೆ ಒಂದು ದರದ ಕುದುರೆ ಗೆದ್ದರೆ ಕೈಗೆ ಬರುವ ೨೦೦ರಲ್ಲಿ ಲಾಭ ೬೦ ಮಾತ್ರ. ಬೇಲಿಯ ಹೊರಗಿನವನು ಅದೇ ಪಣಕ್ಕೆ ೧೦೦ ಲಾಭ ಕೊಡುತ್ತಾನೆ. ಪಣಗಾರನು ಯಾವ ಕಡೆಗೆ ಹೋಗುವನೆಂಬುದನ್ನು ಊಹಿಸಲು ಶಾಸ್ತ್ರಜ್ಞಾನ ಬೇಡ. ಬೆಂಗಳೂರಿನ ಮೈದಾನದಲ್ಲಿ ೨೦೨೪ರ ಜನವರಿಯಲ್ಲಿ ತೆರಿಗೆ ತಪ್ಪಿಸಿದ ಆರೋಪದ ಮೇಲೆ ಪೋಲೀಸರು ಬುಕ್‌ಮೇಕರರ ಮಳಿಗೆಗಳನ್ನು ಶೋಧಿಸಿದರು. ಆ ಬೇಸಗೆಯ ಪರವಾನಗಿಯನ್ನು ಸರಕಾರವು ನಿರಾಕರಿಸಿತು. ಜೂನ್ ತಿಂಗಳಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ರೇಸಿಗೆ ಅನುಮತಿ ಕೊಟ್ಟರೆ ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠವು ಅದನ್ನು ತಡೆಯಿತು.

ಇನ್ನೊಂದು ಕಡೆ ಮೊಬೈಲು. ದಿನ, ಸ್ಥಳ, ವ್ಯಕ್ತಿ ಎಂಬ ಮೂರು ಗೂಟಗಳನ್ನೂ ಅದು ಒಮ್ಮೆಗೇ ಕಿತ್ತಿತು. ಖಡಕಿಯ ಬಜಾರು, ದಂಡಿನ ಮೈದಾನ, ಕಲಬುರಗಿಯ ಹಳ್ಳಿ ಇವುಗಳೊಳಗೆ ಅಂತರವೇ ಉಳಿಯಲಿಲ್ಲ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಒಂದೇ ತಿಂಗಳ ಅಂತರದಲ್ಲಿ ಹೀಗೆ ಒಂದು ಕಡೆ ಮನುವಿನ ನಿಷೇಧವೂ, ಮತ್ತೊಂದು ಕಡೆ ಯಾಜ್ಞವಲ್ಕ್ಯನ ರಾಜಭಾಗವೂ ಹೊಸ ರೂಪದಲ್ಲಿ ಕಾಣಿಸಿಕೊಂಡವು.

ಆದರೆ ಯಾಜ್ಞವಲ್ಕ್ಯನ ವಿಧಿಯ ಉತ್ತರಾರ್ಧ ಎಲ್ಲಿ? ರಾಜನು ನೂರಕ್ಕೆ ನಲವತ್ತರ ಪಾಲನ್ನು ಪಡೆಯುತ್ತಾನೆ. ಗೆದ್ದವನಿಗೆ ಹಣ ಕೊಡಿಸುವ ಹೊಣೆಯನ್ನು ಹೊರುವುದಿಲ್ಲ. ಪರವಾನಗಿ ಕೊಡುತ್ತಾನೆ, ವೃತ್ತಿಯೆಂದು ಒಪ್ಪುವುದಿಲ್ಲ. ಇಂಗ್ಲಂಡೂ ಬಹುಕಾಲ ಇದೇ ದ್ವಂದ್ವದಲ್ಲಿದ್ದಿತು. ೧೮೫೩ರಲ್ಲಿ ಅದು ಪಣದ ಅಂಗಡಿಗಳನ್ನು ಮುಚ್ಚಿಸಿತು. ೧೯೬೧ರಲ್ಲಿ ಪರವಾನಗಿಯ ಮೇಲೆ ಮರಳಿ ತೆರೆಯಿಸಿತು. ಕೊನೆಗೆ ೨೦೦೫ರ ಕಾಯಿದೆಯು ೨೦೦೭ರಲ್ಲಿ ಜಾರಿಗೆ ಬಂದಾಗ ಪಣದ ಕರಾರನ್ನು ನ್ಯಾಯಾಲಯದಲ್ಲಿ ವಸೂಲು ಮಾಡಬಹುದಾದ ಕರಾರೆಂದು ಒಪ್ಪಿತು. ಯಾಜ್ಞವಲ್ಕ್ಯನು ವಿಧಿಸಿದ, ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು ವ್ಯಾಖ್ಯಾನಿಸಿದ ನ್ಯಾಯಕ್ಕೆ ಅದು ತಡವಾಗಿ ಬಂದು ಸೇರಿತೆನ್ನಬೇಕು.

ಈ ಕಸುಬನ್ನು ಹೊಗಳುವುದು ಈ ಲೇಖಕನ ಉದ್ದೇಶವಲ್ಲ. ಪಣದಿಂದ ಹಾಳಾದ ಮನೆಗಳನ್ನು ಕಾಣದ ಊರಿಲ್ಲ. ಜೂಜನ್ನು ಪೂರ್ತಿಯಾಗಿ ಅಳಿಸಬೇಕೆನ್ನುವವರ ಪಕ್ಷದಲ್ಲಿಯೂ ಪ್ರಾಮಾಣಿಕತೆಯಿದೆ. ಅವರಿಗೆ ಮನುವಿನ ಬೆಂಬಲವಿದೆ. ಹೊಣೆಯೊಡನೆ ಪಾಲು ಎಂಬ ಪಕ್ಷಕ್ಕೆ ನಮ್ಮ ಮಿತಾಕ್ಷರೆಯ ಬೆಂಬಲವಿದೆ. ಹೊಣೆಯಿಲ್ಲದ ಪಾಲಿಗೆ ಮಾತ್ರ ಯಾವ ಸ್ಮೃತಿಯ ಆಧಾರವೂ ದೊರೆಯುವುದಿಲ್ಲ. ಲೆಕ್ಕದಲ್ಲಿ ಚುರುಕಾದ ನಮ್ಮ ತರುಣನೊಬ್ಬನು ಈ ವೃತ್ತಿಯನ್ನು ಹಿಡಿಯಲೇ ಎಂದು ಹಿರಿಯರನ್ನು ಕೇಳಿದರೆ, ಅದು ಪಾಪವೋ ಪುಣ್ಯವೋ ಎಂಬ ಚರ್ಚೆಗೆ ಮೊದಲು ಅವನಿಗೆ ಈ ಇತಿಹಾಸವನ್ನು ತಿಳಿಸಬೇಕು. ಅವನು ಹಿಡಿಯಲಿರುವುದು ಕೌಶಲ ಬೇಡುವ, ತೆರಿಗೆ ತೆರುವ, ಪರವಾನಗಿಯುಳ್ಳ ಕಸುಬು. ಆದರೆ ಗಳಿಸಿದ ಹಣಕ್ಕೆ ನ್ಯಾಯಾಲಯದ ಬಾಗಿಲು ಮುಚ್ಚಿರುವ, ಕೊಟ್ಟ ಮಾತಿನ ಹೊರತು ಬೇರೆ ಬಂಡವಾಳವಿಲ್ಲದ ಕಸುಬು. ಅದರ ಬೇಲಿಯನ್ನು ಹಾಕಿದವರೇ ಇಂದು ಅದರ ಗೂಟಗಳನ್ನು ಅಲುಗಾಡಿಸುತ್ತಿದ್ದಾರೆ.